ಕೊಡಲಿಯತ್ತೆಯ ತೋಪಿನಲ್ಲಿ ಅವರವರ ಮರ

ಮರವನ್ನು ಪ್ರೀತಿಸುವುದಕ್ಕೆ ಒಂದು ಸುಲಭೋಪಾಯವುಂಟು: ಅದರ ಹತ್ತಿರ ಹೋಗಬಾರದು. ದೂರದ ಪಟ್ಟಣದಲ್ಲಿ, ಕಿಟಕಿಯ ಪಕ್ಕದಲ್ಲಿ ಕುಳಿತು, ಬಿಸಿ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಪ್ರೀತಿಸುವ ಮರಕ್ಕೆ ಹುಳು ಹತ್ತುವುದಿಲ್ಲ. ಅದರ ಕೊಂಬೆ ಒಣಗುವುದಿಲ್ಲ. ಅದರ ನೆರಳಿನಲ್ಲಿ ಸಿಕ್ಕಿಕೊಂಡು ಯಾವ ಸಸಿಯೂ ಸಾಯುವುದಿಲ್ಲ. ನನಗೆ ಬಹುಕಾಲದಿಂದ ಪರಿಚಿತವಾದ ಒಂದು ಕುಟುಂಬದಲ್ಲಿ ಇಂತಹ ಮರಪ್ರೇಮಿಗಳು ಹದಿನೆಂಟು ಮಂದಿ. ಹತ್ತೊಂಬತ್ತನೆಯವಳೊಬ್ಬಳೇ ದಾರಿ ತಪ್ಪಿದವಳು. ಆಕೆ ಮರಗಳ ನಡುವೆ ವಾಸಿಸುತ್ತಿದ್ದಳು ಮತ್ತು ಮರಗಳನ್ನು ಕಡಿಯುತ್ತಿದ್ದಳು. ಮನೆಯ ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ಕೊಡಲಿಯತ್ತೆ.

ಆಕೆಗೆ ಐವತ್ತೆಂಟು ವರ್ಷ. ಮೊಣಕಾಲಿನವರೆಗೆ ರಬ್ಬರ್ ಬೂಟು, ಸೊಂಟದಲ್ಲಿ ಅಳತೆಯ ಟೇಪು, ಒಂದು ಜೇಬಿನಲ್ಲಿ ಕಡಿಯುವ ಮರಕ್ಕೆ ಗುರುತು ಹಚ್ಚುವ ಕೆಂಪು ಬಣ್ಣದ ಪುಟ್ಟ ಡಬ್ಬಿ, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಬ್ರೆಡ್ಡು. ತೋಪಿನ ಅಂಚಿನಲ್ಲಿ ಎರಡು ಕೋಣೆಗಳ ಮನೆ. ದೊಡ್ಡ ಕೋಣೆ ಗರಗಸಗಳಿಗೆ, ಅರಗಳಿಗೆ, ಎಣ್ಣೆಯ ಕ್ಯಾನುಗಳಿಗೆ, ಚಿಕ್ಕದು ತನಗೆ. ಈ ಹಂಚಿಕೆಯನ್ನು ನೋಡಿ ಒಮ್ಮೆ ಆಕೆಯ ಅಕ್ಕ, "ಗರಗಸಕ್ಕೆ ಕಿಟಕಿ ಇರೋ ಕೋಣೆ, ನಿನಗೆ ಗೂಡು. ಹುಚ್ಚಾ ನಿನಗೆ?" ಎಂದು ಕೇಳಿದ್ದಳು. "ಗರಗಸಕ್ಕೆ ತೇವ ಆಗಲ್ಲಕ್ಕ, ತುಕ್ಕು ಹಿಡಿಯುತ್ತೆ. ನನಗೇನು ಹಿಡಿಯುತ್ತೆ?" ಎಂದು ಆಕೆ ನಕ್ಕಿದ್ದಳು.

ಹನ್ನೆರಡು ಎಕರೆಯ ಪೈನ್ ತೋಪು ಅದು. ವರ್ಷಕ್ಕೆ ತೋಪು ಎಷ್ಟು ಬೆಳೆಯುತ್ತದೋ ಅದಕ್ಕಿಂತ ಕಡಿಮೆ ಕಡಿಯಬೇಕು ಎಂಬುದು ಆಕೆಯ ವ್ರತ. ಎಷ್ಟು ಬೆಳೆಯಿತೆಂದು ತಿಳಿಯಲು ಟೊಳ್ಳು ಬೈರಿಗೆಯೊಂದಿತ್ತು. ಅದನ್ನು ಕಾಂಡದೊಳಗೆ ತಿರುವಿ ಹೊರಗೆಳೆದರೆ ಪೆನ್ಸಿಲಿಗಿಂತ ತೆಳ್ಳಗಿನ ಒಂದು ಕಡ್ಡಿ ಬರುತ್ತಿತ್ತು. ಅದರ ಮೇಲೆ ಒಂದೊಂದು ವರ್ಷಕ್ಕೆ ಒಂದೊಂದು ಗೆರೆ. ಗೆರೆಗಳ ನಡುವೆ ಅಂತರವಿದ್ದರೆ ಮರ ಉಂಡು ಬೆಳೆದಿದೆ. ಗೆರೆಗಳು ಒತ್ತಿಕೊಂಡಿದ್ದರೆ ಹಸಿದಿದೆ. ನೆರೆಯ ಮರವನ್ನು ತೆಗೆದು ಬೆಳಕು ಕೊಡಬೇಕಾದದ್ದು ಅದಕ್ಕೆ. ಬಾಗಿದ್ದು, ಸೊರಗಿದ್ದು, ಇನ್ನೊಂದರ ತಲೆಯ ಮೇಲೆ ಕುಳಿತಿದ್ದು ಇವು ಹೋಗಬೇಕು. ಗಟ್ಟಿಮುಟ್ಟಾದ, ಬೀಜ ಉದುರಿಸುವ ತಾಯಿಮರಗಳು ಉಳಿಯಬೇಕು. ಹುಳು ಹುಪ್ಪಟೆಗಳೆಲ್ಲ ತಿಂದು ಬಿಟ್ಟುಹೋದ ಪೊಳ್ಳು ಮರಗಳೂ ಗೂಬೆಗೆ, ಮರಕುಟುಕನಿಗೆ ಮನೆಯಾಗಿ ನಿಲ್ಲಬೇಕು. ಇದರಿಂದ ಬಂಧುಗಳಿಗೆ ದೂರಲು ಎರಡು ಬಾಯಿ ಸಿಕ್ಕಂತಾಗಿತ್ತು. "ಬದುಕಿರೋದನ್ನ ಕಡೀತಾಳೆ, ಸತ್ತಿದ್ದನ್ನ ಸಾಕ್ತಾಳೆ!"

ತೋಪನ್ನು ನೆಟ್ಟವರು ಆಕೆಯ ತಂದೆ. ಅವರು ಬಡಗಿ. ಜೀವಮಾನವಿಡೀ ಮರ ಕೊಯ್ದವರು, ಸೃಷ್ಟಿಕರ್ತನಿಗೆ ಅದನ್ನು ಹಿಂದಿರುಗಿಸುವ ನಿಯತ್ತನ್ನೂ ಉಳ್ಳವರು. ಮನೆಯಲ್ಲಿ ಮಗು ಹುಟ್ಟಿದರೆ ಒಂದು ಸಸಿ. ಅಳಿಯನೋ ಸೊಸೆಯೋ ಬಂದರೆ ಇನ್ನೊಂದು ಸಸಿ. ಎಲ್ಲವನ್ನೂ ತೋಪಿನ ಒಂದೇ ಮೂಲೆಯಲ್ಲಿ ನೆಟ್ಟರು. ಬಡಗಿಗೆ ಮರದ ಅಳತೆ ಗೊತ್ತಿತ್ತು; ಅಪ್ಪನಿಗೆ ಮಾತ್ರ ಮಕ್ಕಳ ಮೇಲಿನ ಮೋಹ. ಒಡಹುಟ್ಟಿದವರು ಒತ್ತಾಗಿರಲಿ ಎಂದು ಮೂರು ಮೂರು ಅಡಿಗೊಂದರಂತೆ ನೆಟ್ಟುಬಿಟ್ಟರು. ಒಡಹುಟ್ಟಿದವರಾದರೋ ಬುದ್ಧಿವಂತರು, ಒಬ್ಬೊಬ್ಬರೂ ಒಂದೊಂದು ಪಟ್ಟಣಕ್ಕೆ ಹೋಗಿ ವಿಶಾಲವಾಗಿ ಬೆಳೆದರು. ಮರಗಳಿಗೆ ಆ ಅನುಕೂಲವಿರಲಿಲ್ಲ.

ಸಾಯುವ ಮುನ್ನ ತಂದೆ ಕಿರಿಯ ಮಗಳಿಗೆ ತೋಪನ್ನು ಒಪ್ಪಿಸಿ ಒಂದೇ ಒಂದು ಮಾತು ತೆಗೆದುಕೊಂಡರು: ಆ ಹೆಸರಿನ ಮೂಲೆಯಲ್ಲಿ ನಿಂತಿರುವ ಯಾವ ಮರವನ್ನೂ ಆ ಮರದವರ ಬಾಯಿಂದ ಹೂಂ ಎಂಬ ಮಾತು ಬಾರದೆ ಕಡಿಯಬಾರದು. ಮರಗಳಿಗೆ ಅವರು ಹೆಸರಿನ ಬಿಲ್ಲೆ ಹೊಡೆದಿರಲಿಲ್ಲ. ತನ್ನ ಮರ ತನಗೆ ಗೊತ್ತಾಗದ ಮನುಷ್ಯನಿರುವುದುಂಟೇ ಎಂದು ಆ ಮುಗ್ಧ ಜೀವ ನಂಬಿತ್ತು. ಆದರೂ ಬಡಗಿಯ ಕೈ ಸುಮ್ಮನಿರಲಾರದೆ ಒಂದು ನಕ್ಷೆ ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿತ್ತು. ಆ ಡಬ್ಬಿ ಮಗಳ ಬಳಿಯಿತ್ತು. ಅದನ್ನು ತೋರಿಸು ಎಂದು ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರೂ ಕೇಳಿರಲಿಲ್ಲ.

ಒತ್ತಾಗಿ ನಿಂತ ಆ ಮೂಲೆ ನಾಲ್ಕು ವರ್ಷಗಳಿಂದ ಸೊರಗುತ್ತಿತ್ತು. ಆಕೆ ಪ್ರತಿವರ್ಷವೂ ಬಂಧುಗಳನ್ನು ಕೇಳಿದಳು, ಬೇಡಿದಳು; ಯಾರೂ ಹೂಂ ಎನ್ನಲಿಲ್ಲ. ಐದನೆಯ ವರ್ಷ ತೊಗಟೆಹುಳು ಬಂತು. ಅಕ್ಕಿಕಾಳಿನಷ್ಟು ದೊಡ್ಡ ಕಪ್ಪು ದುಂಬಿ ತೊಗಟೆ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮರಿಹುಳುಗಳು ಒಳಗೇ ತಿಂದು ಬಲಿತು, ಕೆಲವು ವಾರಗಳಲ್ಲಿ ರೆಕ್ಕೆ ಮೂಡಿಸಿಕೊಂಡು ಪಕ್ಕದ ಮರಕ್ಕೆ ಹಾರುತ್ತವೆ. ಉಪವಾಸ ಬಿದ್ದ ಮರ ಅದನ್ನು ತಡೆಯಲಾರದು. ಹೆಸರಿನ ಮೂಲೆಯಲ್ಲಿ ಹದಿಮೂರು ಮರಗಳಿಗೆ ಹುಳು ಹತ್ತಿತ್ತು. ಅಲ್ಲಿಂದ ನಲವತ್ತು ಹೆಜ್ಜೆ ಮೇಲಕ್ಕೆ ದಿಬ್ಬದ ಮೇಲೆ ತಾಯಿಮರಗಳು. ಮೂರು ವಾರದೊಳಗೆ ಹದಿಮೂರನ್ನೂ ಕಡಿದು, ತೊಗಟೆ ಸುಲಿದು ಸುಡದಿದ್ದರೆ ತಾಯಿಮರಗಳು ಹೋಗುತ್ತವೆ. ಅವು ಹೋದರೆ ಹನ್ನೆರಡು ಎಕರೆಯೂ ಹೋಗುತ್ತದೆ.

ಆಕೆ ಫೋನಿನ ಫ್ಯಾಮಿಲಿ ಗ್ರೂಪಿನಲ್ಲಿ ಇದನ್ನೆಲ್ಲ ಬರೆದಳು. ಉತ್ತರಗಳು ಮಳೆಯಂತೆ ಸುರಿದವು.

ಮೊದಲನೆಯದು ದೊಡ್ಡಣ್ಣನವರದು. ಅವರು ನಿವೃತ್ತ ಭೂಗೋಳದ ಮೇಷ್ಟರು. ಹಸಿರು ಉಳಿಸಿರೆಂದು ಪತ್ರಿಕೆಗಳಿಗೆ ತಿಂಗಳಿಗೆರಡು ಪತ್ರ ಬರೆಯುವವರು. ಆರು ವರ್ಷಗಳ ಹಿಂದೆ ತಂಗಿಯೇ ಲಾರಿಯಲ್ಲಿ ಕಳಿಸಿಕೊಟ್ಟಿದ್ದ ಅಗಲವಾದ ಮೇಜಿನ ಮೇಲೆ, ನೀಲಿ ಶಾಯಿಯಲ್ಲಿ. "ಪುಟ್ಟೀ, ಆ ಮರಗಳು ಅಪ್ಪನ ಉಸಿರು. ಉಸಿರನ್ನ ಕಡಿಯೋಕಾಗುತ್ತಾ?" ಎಂದು ಅವರು ಕೇಳಿದರು.

ಅಕ್ಕ ಬರೆದಳು: "ನನ್ನದೊಂದು ಬಿಟ್ಟು ಬೇರೆ ಯಾವುದನ್ನಾದರೂ ಕಡಿ. ನಾನೇನೂ ಅನ್ನಲ್ಲ."

ಅಕ್ಕನ ಗಂಡ, ಕನ್ನಡಕದ ಅಂಗಡಿಯ ಭಾವ, ಸಲಹೆ ಕೊಟ್ಟರು: "ಔಷಧಿ ಹೊಡೆದರೆ ಆಗಲ್ವೇನಮ್ಮ? ನಮ್ಮ ಗುಲಾಬಿ ಕುಂಡಕ್ಕೆ ಹೊಡೆದಿದ್ವಿ, ಎರಡೇ ದಿನಕ್ಕೆ ಹೋಯ್ತು."

ಉಳಿದವರೂ ಅಕ್ಕನ ಮಾರ್ಗವನ್ನೇ ಹಿಡಿದರು. ಹೀಗೆ ಪ್ರತಿಯೊಬ್ಬರೂ ತಮ್ಮದೊಂದನ್ನು ಬಿಟ್ಟು ಉಳಿದವರದನ್ನೆಲ್ಲ ಉದಾರವಾಗಿ ದಾನ ಮಾಡಿದರು. ತ್ಯಾಗದ ವಿಷಯದಲ್ಲಿ ನಾನು ಬಹಳ ಮಾತಾಡಿದ್ದೇನೆ, ಕೇಳಿದ್ದೇನೆ. ಪರರ ವಸ್ತುವನ್ನು ಇಷ್ಟು ನಿಸ್ಸ್ವಾರ್ಥವಾಗಿ ತ್ಯಜಿಸಿದವರನ್ನು ಮಾತ್ರ ಬೇರೆಲ್ಲೂ ಕಂಡಿಲ್ಲ.

ಆಕೆ ಕೊನೆಯದಾಗಿ ಒಂದೇ ಸಾಲು ಬರೆದಳು: "ರಜಾದಿನ ಬನ್ನಿ. ಅವರವರ ಮರದ ಹತ್ತಿರ ನಿಲ್ಲಿ. ಏನಾಗಿದೆ ಅಂತ ತೋರಿಸ್ತೀನಿ. ನೋಡಿದ ಮೇಲೂ ಬೇಡ ಅಂದರೆ ಬೇಡ."

ಹನ್ನೊಂದು ಮಂದಿ ಬಂದರು. ಛತ್ರಿ, ಫ್ಲಾಸ್ಕು, ಮಡಿಸುವ ಕುರ್ಚಿ, ಮತ್ತು ದೊಡ್ಡಣ್ಣನವರ ಬಿಳಿಯ ಇಸ್ತ್ರಿ ಶರಟು. ಗರಗಸದವನು ತನ್ನ ಇಬ್ಬರು ಕೆಲಸಗಾರರೊಂದಿಗೆ ಆಗಲೇ ಬಂದು ಕುಂಚ ಹಿಡಿದು ನಿಂತಿದ್ದ. ಎಳೆಯ ವಯಸ್ಸಿನಲ್ಲಿ ತಂದೆಯವರ ಬಳಿಯೇ ಕೆಲಸ ಕಲಿತವನು ಅವನು. ಈಗ ಅವನ ಮೀಸೆಯೂ ನರೆತಿತ್ತು.

"ಸರಿ, ಹೋಗಿ ನಿಂತ್ಕೊಳ್ಳಿ," ಎಂದಳು ಆಕೆ.

ಬಂಧುಗಳು ಚದುರಿದರು. ಮುಂದೆ ನಡೆದದ್ದನ್ನು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ. ಎಲ್ಲರೂ ಒಂದೇ ಸಮನೆ ಮೂಲೆಯ ಹೊರ ಅಂಚಿಗೆ ನಡೆದರು. ಅಲ್ಲಿ ಬೆಳಕು ಕುಡಿದು ಬೆಳೆದ, ಕಂಬದಂತೆ ನೆಟ್ಟಗಿರುವ ಮರಗಳ ಒಂದು ಸಾಲಿತ್ತು. ಅವು ತಂದೆ ನೆಟ್ಟವೇ ಅಲ್ಲ. ಗಾಳಿ ತಂದ ಬೀಜದಿಂದ, ಯಾರ ಹೆಸರೂ ಇಲ್ಲದೆ, ದೇವರೊಬ್ಬನ ಲೆಕ್ಕದಲ್ಲಿ ತಾವಾಗಿಯೇ ಎದ್ದವು. ಅಕ್ಕ ಅವುಗಳಲ್ಲೆಲ್ಲ ಚೆಲುವಾದದ್ದನ್ನು ಆರಿಸಿ ಅದಕ್ಕೊರಗಿ ಕಣ್ಣೊರಸಿಕೊಂಡಳು. "ಅಪ್ಪ ನೆಟ್ಟಿದ್ದು. ಮುಟ್ಟಿದ ಕೂಡಲೇ ಗೊತ್ತಾಯ್ತು ನೋಡಿ!" ಎಂದಳು. ಅವಳ ಗಂಡುಮಕ್ಕಳಿಬ್ಬರೂ ಒಂದೇ ಮರದ ಎರಡು ಪಕ್ಕಗಳಲ್ಲಿ ನಿಂತು ಜಗಳಕ್ಕೆ ತೊಡಗಿದರು.

"ಇದು ನಂದು. ಚಿಕ್ಕವನಿದ್ದಾಗ ಇದರ ಮೇಲೆ ಹತ್ತಿದ್ದೆ."

"ನೀನು ಹತ್ತಿದ್ದು ನೀರಿನ ಟ್ಯಾಂಕ್ ಮೇಲೆ. ಬಿದ್ದು ಹಲ್ಲು ಮುರ್ಕೊಂಡಿದ್ದು ಮರೆತೋಯ್ತಾ?"

ಭಾವ ಎರಡು ಮರಗಳ ನಡುವೆ ನಿಂತು ಎರಡರ ಮೇಲೂ ಒಂದೊಂದು ಕೈ ಇಟ್ಟರು. ಯಾವುದು ತಮ್ಮದೆಂದು ತಿಳಿಯುವವರೆಗೆ ಎರಡೂ ಇರಲಿ ಎಂಬುದು ಅವರ ವಾದ.

ಮೂಲೆಯ ನಡುವೆ, ಕತ್ತಲಲ್ಲಿ, ತಂದೆ ನೆಟ್ಟ ಮರಗಳು ಗೂನು ಬೆನ್ನು, ಹಳದಿ ತಲೆ, ಗಾಯದಿಂದ ಒಸರುವ ರಾಳ ಹೊತ್ತು ನಿಂತಿದ್ದವು. ಹುಳು ಹತ್ತಿದ ಹದಿಮೂರರಲ್ಲಿ ಹನ್ನೆರಡು ಅಲ್ಲಿದ್ದವು. ಅವುಗಳ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ.

ಗರಗಸದವನು ಮೀಸೆ ನೀವಿಕೊಂಡ. "ಇವುಗಳ ಹತ್ರ ಯಾರೂ ನಿಂತಿಲ್ಲಮ್ಮ. ಇವು ಯಾರದೂ ಅಲ್ವಾ ಹಾಗಾದ್ರೆ? ಕೆಂಪು ಹಚ್ಚಲಾ?"

ನಕ್ಷೆಯ ಡಬ್ಬಿ ಆಕೆಯ ಹೆಗಲ ಚೀಲದಲ್ಲೇ ಇತ್ತು. ಆಕೆ ಅದನ್ನು ತೆಗೆಯಲಿಲ್ಲ. ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಸುಮ್ಮನೆ ನಿಂತಳು. ನಾಲ್ಕು ವರ್ಷ ಬೇಡಿ ಪಡೆಯದಿದ್ದದ್ದು ಬಾಯಿ ಮುಚ್ಚಿಕೊಂಡರೆ ಸಿಗುವುದಿತ್ತು. ಆಕೆ ಸುಳ್ಳಾಡಲಿಲ್ಲ, ಸತ್ಯವನ್ನು ಚೀಲದಲ್ಲಿಟ್ಟುಕೊಂಡಿದ್ದಳು ಅಷ್ಟೇ. ನಮ್ಮಲ್ಲಿ ಬಹುಮಂದಿ ಇದನ್ನು ಪ್ರಾಮಾಣಿಕತೆ ಎಂದೇ ಕರೆದು ನೆಮ್ಮದಿಯಾಗಿ ನಿದ್ರಿಸುತ್ತೇವೆ. ಗರಗಸದವನು ಒಂದು ಕ್ಷಣ ಕಾದು ಕುಂಚ ಅದ್ದಿದ. ಒಂದು, ಎರಡು, ಹೀಗೆ ಹನ್ನೆರಡು ಮರಗಳ ಮೇಲೂ ಕೆಂಪು ಪಟ್ಟಿ ಬಿತ್ತು. ಪಕ್ಕದಲ್ಲಿ ನಿಂತ ಮರಪ್ರೇಮಿಗಳು ಅದನ್ನು ನೋಡಿ, ಪಾಪ ಯಾರದೋ ಎಂದು ಮರುಗಿದರು.

ಹದಿಮೂರನೆಯದು ಮೂಲೆಯ ತುದಿಯಲ್ಲಿತ್ತು. ತಂದೆ ನೆಟ್ಟವುಗಳಲ್ಲಿ ಅಷ್ಟಿಷ್ಟು ಬೆಳಕು ಕಂಡದ್ದು ಅದೊಂದೇ. ಎತ್ತರವಾಗಿ, ತುದಿಯವರೆಗೂ ಹಸಿರಾಗಿತ್ತು. ಆದರೆ ಬುಡದಲ್ಲಿ ರಾಳದ ಹನಿಗಳು, ತೊಗಟೆಯ ಬಿರುಕುಗಳಲ್ಲಿ ಕಂದು ಪುಡಿ. ಆ ಮರವನ್ನು ದೊಡ್ಡಣ್ಣನವರು ಎರಡೂ ತೋಳುಗಳಿಂದ ತಬ್ಬಿ, ಕಣ್ಣು ಮುಚ್ಚಿ ನಿಂತಿದ್ದರು.

"ಅಣ್ಣ, ಇದಕ್ಕೂ ಹತ್ತಿದೆ. ಬಿಡು."

"ಪುಟ್ಟೀ, ಎಪ್ಪತ್ತೊಂದು ವರ್ಷದ ನನ್ನ ಜೊತೆಗಾರ ಇದು. ನನ್ನ ದಾಟಿ ಮುಟ್ಟು ನೋಡೋಣ."

"ಈ ಪುಡಿ ನೋಡು. ಒಳಗೆಲ್ಲ ಕೊರೆದಿದೆ."

"ಬುಡ ಯಾಕೆ ನೋಡ್ತೀಯ? ಮೇಲೆ ನೋಡು, ಎಷ್ಟು ಹಸಿರು! ಹಸಿರಾಗಿರೋದನ್ನ ಕಡಿಯೋಕೆ ಹೇಗೆ ಮನಸ್ಸು ಬರುತ್ತೆ ನಿನಗೆ?"

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಭಾವ ಚಿತ್ರ ತೆಗೆದರು. ದೊಡ್ಡಣ್ಣನವರ ಮಗಳು ಮಾತ್ರ ತಟ್ಟಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಬುಡದ ಬಳಿ ಕುಕ್ಕರಿಸಿ, ರಾಳದ ಹನಿಯನ್ನು ಉಗುರಿನಿಂದ ಕೆರೆದು, "ಅತ್ತೆ, ಇದು ಮೇಲೆ ಚೆನ್ನಾಗಿ ಕಾಣೋ ರೋಗಿ ಥರ, ಅಲ್ವಾ?" ಎಂದಳು.

ಅದು ಉಳಿದರೆ ಹನ್ನೆರಡನ್ನು ಕಡಿದೂ ಪ್ರಯೋಜನವಿರಲಿಲ್ಲ. ಎಲ್ಲಕ್ಕಿಂತ ತಾಯಿಮರಗಳಿಗೆ ಹತ್ತಿರವಿದ್ದದ್ದು ಅದೇ. ಅದರ ಮೇಲೆ ಅಣ್ಣನಿಗೆ ಯಾವ ಹಕ್ಕೂ ಇಲ್ಲವೆಂದು ಹೇಳುವುದು ಆಕೆಗೆ ಕಷ್ಟವಲ್ಲ. ಆ ಮರ ಆಕೆಯದೇ. ಐವತ್ತೆಂಟು ವರ್ಷಗಳ ಹಿಂದೆ, ಆಕೆ ಹುಟ್ಟಿದ ವಾರ ತಂದೆ ನೆಟ್ಟದ್ದು. ಆದರೆ ಬಾಯಿಮಾತಿಗೆ ಮೇಷ್ಟರು ಜಗ್ಗುವವರಲ್ಲ, ನಕ್ಷೆ ತೋರಿಸಬೇಕು. ನಕ್ಷೆ ತೆರೆದರೆ ಕೆಂಪು ಪಟ್ಟಿ ಬಿದ್ದ ಹನ್ನೆರಡು ಮರಗಳ ಹೆಸರುಗಳೂ ತೆರೆಯುತ್ತವೆ. ಹನ್ನೆರಡು ಬಾಯಿಗಳೂ ಬೇಡವೆಂದರೆ ತೋಪು ಹೋಯಿತು.

ಆಕೆ ದಿಬ್ಬದ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು, ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದಳು. ಮನುಷ್ಯರು ಪಶ್ಚಾತ್ತಾಪದಿಂದಲೇ ಸತ್ಯಕ್ಕೆ ಬರುತ್ತಾರೆಂದು ನಾನು ಎಷ್ಟೋ ಸಲ ಸಾರಿದ್ದೇನೆ. ಅಣ್ಣನ ಹಟದಿಂದಲೂ ಬರಬಹುದೆಂದು ತಿಳಿದದ್ದು ಆಕೆಯಿಂದ.

"ಎಲ್ಲರೂ ಬನ್ನಿ ಇಲ್ಲಿ," ಎಂದಳು. "ಅಪ್ಪನ ನಕ್ಷೆ ಇದೆ. ನಾನು ಮೊದಲೇ ತೋರಿಸ್ಬೇಕಿತ್ತು. ನೀವು ನಿಂತಿರೋದು ಒಂದೂ ನಿಮ್ಮದಲ್ಲ. ಈ ಕೆಂಪು ಹಚ್ಚಿರೋದೆಲ್ಲ ನಿಮ್ಮದು."

ಹತ್ತು ತಲೆಗಳು ನಕ್ಷೆಯ ಮೇಲೆ ಬಾಗಿದವು. ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಕ್ಕ ಬೆರಳಿಟ್ಟು ತನ್ನ ಹೆಸರನ್ನು ಹುಡುಕಿ, ಎಣಿಸಿಕೊಂಡು ಹೋಗಿ, ಸೊಂಟ ಮುರಿದಂತೆ ಬಾಗಿ ನಿಂತ ಹಳದಿ ಮರದೆದುರು ನಿಂತಳು.

"ಇದಾ? ಈ ಗೂನು ನಂದಾ? ಛೀ, ಅಪ್ಪ ಬರೆಯೋವಾಗ ಎಲ್ಲೋ ತಪ್ಪಿದಾರೆ."

"ಅಪ್ಪ ಅಳತೆ ತಪ್ಪಲ್ಲಕ್ಕ."

"ಹಾಗಿದ್ರೂ ನನ್ನದಲ್ಲ. ನನ್ನದು ಅದೇ, ಆ ಅಂಚಿನದು. ನಾನು ಅಷ್ಟೊತ್ತು ಅತ್ತಿದ್ದು ಸುಳ್ಳಾ?"

ಆಕೆ ನಿಟ್ಟುಸಿರುಬಿಟ್ಟಳು. "ಆ ಅಂಚಿನದನ್ನ ಬೇಕಾದ್ರೆ ಇಟ್ಕೋ ಅಕ್ಕ. ಇದಕ್ಕೇನು ಹೇಳ್ತೀಯ?"

"ಇದನ್ನ ತೆಗೆಸಿಬಿಡು ಮಾರಾಯ್ತಿ! ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ?"

ಗರಗಸದವನು ಕಿವಿ ನಿಮಿರಿಸಿದ. "ಹೂಂ ಅಂದ್ರಾ ಅಮ್ಮ? ದೊಡ್ಡವರ ಮಾತು, ಬಾಯಿಂದ ಬರ್ಬೇಕು."

"ಹೂಂ, ಹೂಂ, ಹೂಂ! ಮೂರು ಸಲ ಸಾಕಾ?"

ಮುಂದಿನದು ಕಾಲು ಗಂಟೆಯ ಕೆಲಸ. ಭಾವ ತಮ್ಮ ಮರವನ್ನು ನೋಡಿ, ತಾವು ಆ ಮನೆಗೆ ಅಳಿಯನಾಗಿ ಬಂದ ವರ್ಷ ಅಷ್ಟು ಕಳಪೆ ಸಸಿ ನೆಡಲು ಕಾರಣವೇನೆಂದು ವಿಚಾರಿಸಿ, ಹೂಂ ಎಂದರು. ಗಂಡುಮಕ್ಕಳಿಬ್ಬರೂ, ಇಷ್ಟು ಹೊತ್ತು ಒಂದು ಮರಕ್ಕೆ ಹೊಡೆದಾಡಿದವರು, ಈಗ ನೀನೇ ಇಟ್ಕೋ ನೀನೇ ಇಟ್ಕೋ ಎಂದು ಪರಸ್ಪರ ಔದಾರ್ಯ ತೋರಿ ಹೂಂ ಎಂದರು. ಬಾರದವರಿಗೆ ನರ್ಸ್ ಹುಡುಗಿ ಫೋನಿನಲ್ಲಿ ಅವರವರ ಮರವನ್ನು ತೋರಿಸಿದಳು, ಒಬ್ಬೊಬ್ಬರೂ, "ಅಯ್ಯೋ, ಇದಾ?" ಎಂದು ಮುಖ ಸಿಂಡರಿಸಿ ಹೂಂ ಎಂದರು. ಅಪ್ಪನ ಉಸಿರು, ಒಡಹುಟ್ಟಿದ ಜೀವ, ಬಾಲ್ಯದ ಜೊತೆಗಾರ, ಎಲ್ಲವೂ ಅಂದವಾಗಿ ಕಾಣಿಸದೆ ಹೋದ ಒಂದೇ ಅಪರಾಧಕ್ಕೆ ಬಂಧುತ್ವ ಕಳೆದುಕೊಂಡವು. ಸತ್ಯ ಹೇಳಿದರೆ ತೋಪು ಹೋಗುತ್ತದೆಂದು ನಡುಗಿದ್ದವಳು ಸತ್ಯ ಹೇಳಿಯೇ ತೋಪು ಪಡೆದಳು. ಪ್ರೀತಿ ಮಾಡಲಾರದ ಕೆಲಸವನ್ನು ಜಂಬ ಮಾಡಿತು. ದೇವರು ಬಳಸುವ ಆಯುಧಗಳ ಬಗ್ಗೆ ನಾವು ಮೂಗು ಮುರಿಯಬಾರದು.

ದೊಡ್ಡಣ್ಣನವರು ಮಾತ್ರ ಮರ ಬಿಟ್ಟಿರಲಿಲ್ಲ. ಈಗ ಅವರು ಬಿಡಲು ನೋಡಿದರು, ಮರ ಬಿಡಲಿಲ್ಲ. ಒಸರಿದ ರಾಳಕ್ಕೆ ಬಿಳಿಯ ಶರಟು ಎದೆಯುದ್ದಕ್ಕೂ ಅಂಟಿಕೊಂಡಿತ್ತು. ಮಗಳು ಒಂದು ತೋಳನ್ನೂ ಗರಗಸದವನು ಇನ್ನೊಂದನ್ನೂ ಹಿಡಿದು ಅವರನ್ನು ಸುಲಿದು ತೆಗೆದರು. ಆಮೇಲೆ ಅವರೂ ನಕ್ಷೆಯ ಮೇಲೆ ಬಾಗಿ ಎಣಿಸಿ ನೋಡಿದರು.

"ಹಾಗಾದ್ರೆ ಇದು ನಿಂದು," ಎಂದರು ಅವರು, ಎದೆಯ ಮೇಲಿನ ಕಂದು ಅಂಟನ್ನು ನೋಡುತ್ತ. "ನಂದು ಯಾವುದು ಪುಟ್ಟೀ? ನಕ್ಷೇಲಿ ನನ್ನ ಹೆಸರಿರೋ ಜಾಗದಲ್ಲಿ ಬರೀ ಬುಡ ಇದೆ."

"ಆರು ವರ್ಷದ ಹಿಂದೆ ಬಿರುಗಾಳಿಗೆ ಬುಡದ ಹತ್ರ ಮುರಿದು ಬಿತ್ತು ಅಣ್ಣ. ಗ್ರೂಪಲ್ಲಿ ಚಿತ್ರ ಹಾಕಿದ್ದೆ. ನೀನು ಕೈ ಮುಗಿದಿರೋ ಗುರುತು ಹಾಕಿದ್ದೆಯಲ್ಲ."

"ಅದು... ಯಾರೋ ತೀರಿಕೊಂಡ್ರು ಅಂದ್ಕೊಂಡಿದ್ದೆ."

"ತೀರಿಕೊಂಡಿತ್ತು."

"ಮತ್ತೆ ಆ ಮರ?"

"ನಿನ್ನ ಮನೇಲೇ ಇದೆ. ಅದರ ಮೇಲೇ ತಾನೇ ನೀನು ಪತ್ರಿಕೆಗೆ ಬರೆಯೋದು?"

ಮೇಷ್ಟರ ಬಾಯಿಂದ ಅಂದು ಮತ್ತೆ ಭಾಷಣ ಹೊರಡಲಿಲ್ಲ. ಅವರು, "ಒಳ್ಳೇ ಮೇಜು," ಎಂದರು, ಅಷ್ಟೇ.

ಗರಗಸದವನು ಎಲ್ಲವನ್ನೂ ಬಲ್ಲವನಾದರೂ ಪದ್ಧತಿ ಬಿಡುವವನಲ್ಲ. ಹದಿಮೂರನೆಯ ಮರದ ಮುಂದೆ ಕುಂಚ ಹಿಡಿದು, "ಇದು ಯಾರದಮ್ಮ? ಏನಂತಾರೆ?" ಎಂದು ಕೇಳಿದ.

ಇಷ್ಟು ವರ್ಷ ಇತರರ ಬಾಯಿಂದ ಬೇಡಿದ ಆ ಒಂದಕ್ಷರವನ್ನು ಈಗ ಆಕೆಯೇ ಹೇಳಬೇಕಾಗಿತ್ತು. ಆಕೆ ಅಂಗೈಯನ್ನು ತೊಗಟೆಯ ಮೇಲೆ ಇಟ್ಟಳು. ಒಳಗಿನಿಂದ, ಕಿವಿಗೊಟ್ಟವರಿಗೆ ಮಾತ್ರ ಕೇಳಿಸುವಂತೆ, ಸಣ್ಣಗೆ ಕೊರೆಯುವ ಸದ್ದು ಬರುತ್ತಿತ್ತು. 

"ನಂದು," ಎಂದಳು. "ಹೂಂ."

ಮರ ದಿಬ್ಬಕ್ಕೆ ಬೆನ್ನು ಮಾಡಿ, ಆಕೆ ತೋರಿದ ಜಾಗಕ್ಕೇ ಬಿತ್ತು. ತೊಗಟೆ ಸುಲಿದಾಗ ಕೆಳಗೆಲ್ಲ ಕವಲೊಡೆದ ಸುರಂಗಗಳು, ಅವುಗಳಲ್ಲಿ ಹೊರಳುವ ಬಿಳಿಯ ಹುಳುಗಳು. ಅಲ್ಲಲ್ಲಿ ಕೆಲವಕ್ಕೆ ಆಗಲೇ ರೆಕ್ಕೆಯ ಕಪ್ಪು ಮೂಡಿತ್ತು. ದೊಡ್ಡಣ್ಣನವರು ತೋಳು ಮಡಿಸಿ, ಯಾರೂ ಕೇಳದೆಯೇ ಸುಲಿಯುವ ಕತ್ತಿಯೊಂದನ್ನು ಎತ್ತಿಕೊಂಡರು. ಅವರು ಸುಲಿದದ್ದನ್ನು ಗರಗಸದವನು ಮತ್ತೊಮ್ಮೆ ಸುಲಿಯಬೇಕಾಯಿತು. ಆದರೆ ಸಂಜೆಯವರೆಗೆ ಅವರು ಕತ್ತಿ ಕೆಳಗಿಡಲಿಲ್ಲ.

ತಾಯಿಮರಗಳು ಉಳಿದವು. ಮರುವರ್ಷ ಹೆಸರಿನ ಮೂಲೆಯಲ್ಲಿ, ಮೊದಲ ಸಲ ಬಿಸಿಲು ಬಿದ್ದ ನೆಲದಲ್ಲಿ, ಬೆರಳುದ್ದದ ಸಸಿಗಳು ಎದ್ದವು. ಅಂಚಿನ ತನ್ನ ಮರ ಹೇಗಿದೆಯೆಂದು ಅಕ್ಕ ಫೋನಿನಲ್ಲಿ ಕೇಳುತ್ತಾಳೆ. ನೋಡಲು ಇನ್ನೂ ಬಂದಿಲ್ಲ.

ಕೊಡಲಿಯತ್ತೆ ಆ ಸಸಿಗಳ ಚಿತ್ರ ಹಾಕಲಿಲ್ಲ. ತನ್ನ ಮರದ ಬುಡದ ಚಿತ್ರವನ್ನು, ಯಾವ ಮಾತೂ ಬರೆಯದೆ, ಗ್ರೂಪಿಗೆ ಹಾಕಿದಳು. ನಿಮಿಷದೊಳಗೆ ದೊಡ್ಡಣ್ಣನವರಿಂದ ಕೈ ಮುಗಿದ ಗುರುತು ಬಂತು. ಈ ಸಲ ತೀರಿಕೊಂಡವರು ಯಾರೆಂದು ಅವರಿಗೆ ತಿಳಿದಿತ್ತು. ಅದರ ಹಿಂದೆಯೇ ಒಂದು ಸಾಲು: "ಪುಟ್ಟೀ, ಮೇಜಿನ ಒಂದು ಕಾಲು ಅಲ್ಲಾಡ್ತಾ ಇದೆ. ನಿನ್ನ ಮರದ್ದು ಒಂದು ತುಂಡು ಇದ್ರೆ ಕಳಿಸ್ತೀಯಾ?"

ಆಕೆ ಉತ್ತರ ಬರೆದಳು: "ಕಳಿಸಲ್ಲ. ಬಂದು ತಗೊಂಡ್ಹೋಗು."